ಮಂಡ್ಯದ ಬ್ಯಾಂಡ್‌ಸೆಟ್‌ನಿಂದ ಆರ್ಕೆಸ್ಟ್ರಾದ ನಾಲ್ಕನೇ ಹಾರ್ನ್‌ವರೆಗೆ

ಈ ವರ್ಷ ನನಗೆ ಎರಡು ಕಾಗದ ಬಂದವು. ಒಂದು, ಫ್ರೆಂಚ್ ಹಾರ್ನ್ ಅನ್ನುವ ಹಿತ್ತಾಳೆ ಊದುವಾದ್ಯದಲ್ಲಿ ಪಾಶ್ಚಾತ್ಯ ಸಂಗೀತ ಪರೀಕ್ಷೆಯ ಗ್ರೇಡ್ 8 ಪಾಸಾದ ಸರ್ಟಿಫಿಕೇಟ್. ಇನ್ನೊಂದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಬೆಂಗಳೂರಿನ ಒಂದು ಆರ್ಕೆಸ್ಟ್ರಾ ಈ ಸೀಸನ್ನಿನ ಕಛೇರಿಗಳಿಗೆ ನನ್ನನ್ನು ನಾಲ್ಕನೇ ಹಾರ್ನ್ ಆಗಿ, ಅಂದರೆ ನಾಲ್ವರು ಹಾರ್ನ್ ವಾದಕರಲ್ಲಿ ನಾಲ್ಕನೇ ಕುರ್ಚಿಗೆ, ಕರೆದ ಪತ್ರ. ಇದರ ಜೊತೆಗೆ ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವುದನ್ನೂ ಶುರು ಮಾಡಿದ್ದೇನೆ. ಇಲ್ಲಿಗೆ ಬರುವಷ್ಟರಲ್ಲಿ ಊದುವುದಕ್ಕಿಂತ ಓಡಾಡಿದ್ದೇ ಜಾಸ್ತಿ ಅನ್ನಿಸುತ್ತದೆ. ವಾದ್ಯ ಎಲ್ಲಿ ಸಿಗುತ್ತದೆ, ಪರೀಕ್ಷೆಗೆ ಏನು ಬೇಕು, ಆಡಿಷನ್‌ನಲ್ಲಿ ಏನು ಕೇಳುತ್ತಾರೆ ಅಂತ ಕೇಳೋಣ ಅಂದರೆ ನಮ್ಮ ಕಡೆ ಹೇಳುವವರು ಬಹಳ ಕಮ್ಮಿ. ಹಾಗಾಗಿ ನಡೆದದ್ದನ್ನೆಲ್ಲ ನಡೆದ ಹಾಗೇ ಬರೆಯುತ್ತಿದ್ದೇನೆ. ಮುಂದೆ ಈ ದಾರಿಯಲ್ಲಿ ಬರುವವರಿಗೆ ಒಂದಷ್ಟು ಅಲೆದಾಟ ತಪ್ಪಲಿ.

ನಮ್ಮ ಅಪ್ಪ ಮಂಡ್ಯದಲ್ಲಿ ಬ್ಯಾಂಡ್‌ಸೆಟ್ ಇಟ್ಟುಕೊಂಡಿದ್ದಾರೆ. ಮದುವೆ, ಗಣೇಶನ ಮೆರವಣಿಗೆ, ಊರ ಹಬ್ಬ, ಎಲ್ಲಕ್ಕೂ ಹೋಗುತ್ತಾರೆ. ಟ್ರಂಪೆಟ್, ಕ್ಲಾರಿನೆಟ್, ಯುಫೋನಿಯಂ, ಡ್ರಮ್ಮು, ಇಷ್ಟು ವಾದ್ಯ. ಹೈಸ್ಕೂಲಿನಲ್ಲಿರುವಾಗಲೇ ನಾನು ಟ್ರಂಪೆಟ್ ಹಿಡಿದೆ. ನೋಟೇಶನ್ ಗೊತ್ತಿರಲಿಲ್ಲ. ಹಾಡು ಕೇಳುವುದು, ಬಾಯಲ್ಲಿ ಗುನುಗುವುದು, ಊದುವುದು, ಅಷ್ಟೇ. ಅದನ್ನು ನಾನು ಯಾವತ್ತೂ ಸಣ್ಣದು ಅಂದುಕೊಂಡಿಲ್ಲ. ಕಿವಿ ತಯಾರಾಗಿದ್ದೇ ಅಲ್ಲಿ.

ಹಾರ್ನ್ ನನ್ನ ತಲೆಗೆ ಹೊಕ್ಕಿದ್ದು ಮೈಸೂರಿಗೆ ಡಿಗ್ರಿ ಓದಲು ಬಂದಮೇಲೆ. ದಸರಾದಲ್ಲಿ ಅರಮನೆ ಅಂಗಳದಲ್ಲಿ ಪೊಲೀಸ್ ಬ್ಯಾಂಡ್‌ನವರ ವಾದ್ಯಮೇಳ ಇರುತ್ತದಲ್ವಾ, ಅದನ್ನು ಕೇಳಲು ಹೋಗಿದ್ದೆ. ಟ್ರಂಪೆಟ್‌ನವರ ಹಿಂದೆ ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ ಹಿಡಿದು ಕೂತವರನ್ನು ನೋಡಿದೆ. ಅಗಲವಾದ ಬಾಯಿ ಹಿಂದಕ್ಕೆ ತಿರುಗಿತ್ತು. ಬಲಗೈ ಆ ಬಾಯೊಳಗೇ ಇತ್ತು, ಎಡಗೈ ವಾಲ್ವ್ ಒತ್ತುತ್ತಿತ್ತು. ಟ್ರಂಪೆಟ್ ನೇರವಾಗಿ ಬಂದು ಎದೆಗೆ ತಾಗುತ್ತದೆ. ಇದರ ನಾದ ಹಾಗಲ್ಲ, ಸುತ್ತಲಿನ ವಾದ್ಯಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಕಛೇರಿ ಮುಗಿದ ಮೇಲೆ ಅವರನ್ನು ಮಾತಾಡಿಸಿದೆ. ಅವರಲ್ಲೊಬ್ಬರು, ನಿವೃತ್ತರಾಗಿ ಜಲಪುರಿ ಕಡೆ ಇರುವ ಹಿರಿಯ ವಾದಕರೊಬ್ಬರ ಮನೆ ತೋರಿಸಿಕೊಟ್ಟರು.

ಆ ಹಿರಿಯರೇ ನನ್ನ ಮೇಷ್ಟ್ರಾದರು. ಮೊದಲ ದಿನ ವಾದ್ಯ ಮುಟ್ಟಲು ಬಿಡಲಿಲ್ಲ. ತುಟಿ ಇಟ್ಟು ಊದುವ ಮೌತ್‌ಪೀಸ್ ಒಂದನ್ನೇ ಕೈಗೆ ಕೊಟ್ಟರು. "ಒಂದು ಸ್ವರ ಹಾಡಪ್ಪ. ಈಗ ಅದೇ ಸ್ವರ ಇದರಲ್ಲಿ ಬರಬೇಕು" ಅಂದರು. ಯಾಕೆ ಹಾಗೆ ಅನ್ನುವುದು ಆಮೇಲೆ ಅರ್ಥ ಆಯಿತು. ಎಫ್ ಶ್ರುತಿಯ ಹಾರ್ನ್‌ನ ಕೊಳವೆ ಬಿಚ್ಚಿ ನೇರ ಮಾಡಿದರೆ ಸುಮಾರು 3.7 ಮೀಟರ್ ಉದ್ದ. ಅಷ್ಟುದ್ದದ ಕೊಳವೆಯಲ್ಲಿ ಒಂದೇ ಬೆರಳು ಒತ್ತಿದ್ದಾಗಲೂ ತುಟಿಯ ಬಿಗಿ ಬದಲಾದ ಹಾಗೆ ಬೇರೆ ಬೇರೆ ಸ್ವರ ಬರುತ್ತವೆ. ಮೇಲಕ್ಕೆ ಹೋದಷ್ಟೂ ಆ ಸ್ವರಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಮೆಟ್ಟಿಲು ಕಿರಿದಾಗುತ್ತಾ ಹೋಗುವ ಏಣಿಯನ್ನು ಕತ್ತಲಲ್ಲಿ ಹತ್ತಿದ ಹಾಗೆ. ಬೇಕಾದ ಸ್ವರ ತಲೆಯೊಳಗೆ ಮೊದಲೇ ಕೇಳಿಸದಿದ್ದರೆ ತುಟಿ ಪಕ್ಕದ ಸ್ವರ ಹಿಡಿಯುತ್ತದೆ, ಇಲ್ಲವೇ ಸ್ವರ ಒಡೆಯುತ್ತದೆ. ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳಲ್ಲೂ ಹಾರ್ನ್ ಒಡೆಯುವುದು ಇದಕ್ಕೇ. ಕಲಿಯುವವರು ಎದೆಗುಂದಬಾರದು.

ಟ್ರಂಪೆಟ್ ಊದುವವರು ಹಾರ್ನ್‌ಗೆ ಬಂದರೆ ಎರಡು ಕಷ್ಟ. ಒಂದು ತುಟಿ. ಹಾರ್ನ್‌ನ ಮೌತ್‌ಪೀಸ್ ಒಳಗೆ ಆಳವಾಗಿ ಲಾಳಿಕೆ ಆಕಾರದಲ್ಲಿರುತ್ತದೆ. ಸಾಮಾನ್ಯವಾಗಿ ಮೂರನೇ ಎರಡು ಪಾಲು ಮೇಲ್ತುಟಿ, ಉಳಿದದ್ದು ಕೆಳತುಟಿ. ಎರಡನೆಯದು ಬಲಗೈ. ಕೈ ಸುಮ್ನೆ ಒಳಗಿಟ್ಟುಕೊಂಡಿರುವುದಲ್ಲ. ಕೈ ಸ್ವಲ್ಪ ಮುಚ್ಚಿದರೆ ಶ್ರುತಿ ಇಳಿಯುತ್ತದೆ, ತೆರೆದರೆ ಏರುತ್ತದೆ, ನಾದದ ಬಣ್ಣವೂ ಬದಲಾಗುತ್ತದೆ. ಇದನ್ನು ವಿಡಿಯೋ ನೋಡಿ ಕಲಿಯುವುದು ಕಷ್ಟ. ಪಕ್ಕದಲ್ಲಿ ಒಬ್ಬರು ಕೂತು ನಮ್ಮ ಕೈ ಹಿಡಿದು ಸರಿಸಬೇಕು.

ಅಪ್ಪನಿಗೆ ಇದರಿಂದ ತೊಂದರೆಯಾಯಿತು. ಸೀಸನ್ನಿನಲ್ಲಿ ದಿನಕ್ಕೆರಡು ಮದುವೆ ಇರುತ್ತಿತ್ತು. ರಾತ್ರಿಯೆಲ್ಲ ರಸ್ತೆಯಲ್ಲಿ ಟ್ರಂಪೆಟ್ ಊದಿ ಬೆಳಿಗ್ಗೆ ಹಾರ್ನ್ ಹಿಡಿದರೆ ತುಟಿ ಮಾತು ಕೇಳುವುದಿಲ್ಲ. "ಮೆರವಣಿಗೇಲಿ ಆ ವಾದ್ಯ ಯಾರ್ ಕೇಳ್ತಾರೆ ಮಗ, ಬಾಯಿ ಹಿಂದಕ್ಕೈತಲ್ಲ" ಅಂದರು ಅಪ್ಪ. ಬೇಸರದಿಂದ ಅಂದ ಮಾತಲ್ಲ, ನಿಜವಾಗಿಯೇ ಕೇಳಿದ್ದು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮದುವೆ ತಿಂಗಳುಗಳಲ್ಲಿ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಹಾರ್ನ್, ಅದೂ ಮೆತ್ತಗೆ, ಉದ್ದನೆಯ ಸ್ವರಗಳು ಮಾತ್ರ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ. ಆಗ ಪೂರ್ತಿ ಹಾರ್ನ್. ಬ್ಯಾಂಡ್‌ಸೆಟ್ ಮನೆಯಿಂದ ಬರುವವರಿಗೆ ಇದನ್ನೇ ಹೇಳುತ್ತೇನೆ: ಗಟ್ಟಿ ಅಭ್ಯಾಸ, ಪರೀಕ್ಷೆ, ಆಡಿಷನ್ ಏನೇ ಇದ್ದರೂ ಸಾಧ್ಯವಾದಷ್ಟು ಆ ತಿಂಗಳುಗಳ ಸುತ್ತ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಜಾಗವೂ ಬೇಕು. ಮಂಡ್ಯದ ನಮ್ಮ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದೆ. ನಾನು ಸೈಕಲ್‌ನಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಗೆ ಹೋಗುತ್ತಿದ್ದೆ. ಬಯಲಿನಲ್ಲಿ ನಾದ ವಾಪಸು ಬರುವುದಿಲ್ಲ, ಅದಕ್ಕೇ ಜೋರಾಗಿ ಊದಬೇಕು ಅನ್ನಿಸುತ್ತದೆ. ಹಾಗೆ ಊದಬೇಡಿ, ತುಟಿ ಕೆಡುತ್ತದೆ ಅಂತ ಮೇಷ್ಟ್ರು ಎಚ್ಚರಿಸಿದ್ದರು. ಮನೆಯೊಳಗೆ ಅಭ್ಯಾಸ ಮಾಡುವವರಿಗೆ ಸದ್ದು ತಗ್ಗಿಸುವ ಪ್ರಾಕ್ಟೀಸ್ ಮ್ಯೂಟ್ ಸಿಗುತ್ತದೆ. ದಿನವೂ ಅದರಲ್ಲೇ ಊದಿದರೆ ಉಸಿರಿನ ಅಂದಾಜು ತಪ್ಪುತ್ತದೆ, ನೆನಪಿರಲಿ.

ಮೇಷ್ಟ್ರು ಒಂದು ಸಂಜೆ ಹೇಳಿದ ವಿಷಯ ನನಗೆ ದೊಡ್ಡ ಧೈರ್ಯ ಕೊಟ್ಟಿತು. ನಮ್ಮ ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಬಲ್ಲವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಅವರೇ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಬೆಂಬಲ ಕೊಟ್ಟವರು ಇದೇ ಮಹಾರಾಜರು. ಸ್ಟ್ರಾಸ್ ತಂದೆ ಫ್ರಾನ್ಸ್ ಸ್ಟ್ರಾಸ್ ಮ್ಯೂನಿಕ್‌ನ ಆಸ್ಥಾನದಲ್ಲಿ ಹಾರ್ನ್ ವಾದಕರಾಗಿದ್ದರು. ಆ ನಾಲ್ಕರಲ್ಲಿ 'ಸೆಪ್ಟೆಂಬರ್' ಅನ್ನುವ ಹಾಡು ಮುಗಿಯುವುದೇ ಹಾರ್ನ್ ಒಂದರ ದನಿಯಲ್ಲಿ. ಆ ಕಛೇರಿಯಲ್ಲಿ ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ, ಆ ಕಾಲದಲ್ಲಿ ಅದರ ಮುಖ್ಯ ಹಾರ್ನ್ ವಾದಕ ಡೆನಿಸ್ ಬ್ರೈನ್. 1957ರಲ್ಲಿ, ಮೂವತ್ತಾರನೇ ವಯಸ್ಸಿನಲ್ಲೇ, ಕಾರು ಅಪಘಾತದಲ್ಲಿ ತೀರಿಕೊಂಡರು. ಅವರು ನುಡಿಸಿದ ಮೊಜಾರ್ಟ್ ಕೇಳಿದರೆ ಹಾರ್ನ್ ಎಷ್ಟು ಹಗುರವಾಗಿ ಹಾಡಬಲ್ಲದು ಅಂತ ಗೊತ್ತಾಗುತ್ತದೆ. ಈ ವಾದ್ಯ ನಮ್ಮದಲ್ಲ ಅಂತ ಯಾರಾದರೂ ಅಂದಾಗ ನಾನು ಮೈಸೂರಿನ ಈ ಸಂಬಂಧವನ್ನು ಹೇಳುತ್ತೇನೆ.

ಇನ್ನು ವಾದ್ಯದ ವಿಷಯ. ಎಲ್ಲಕ್ಕಿಂತ ಹೆಚ್ಚು ದುಡ್ಡು ಹೋಗಿದ್ದು ಇಲ್ಲೇ, ಕಾದಿದ್ದೂ ಇಲ್ಲೇ.

ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಮೀರತ್‌ನಲ್ಲಿ ಮಾಡಿದ ಸಿಂಗಲ್ ಎಫ್ ಹಾರ್ನ್, ಅಂದರೆ ಎಫ್ ಕೊಳವೆ ಒಂದೇ ಇರುವುದು. ನಮ್ಮ ದೇಶದ ಬ್ಯಾಂಡ್‌ಸೆಟ್‌ಗಳಿಗೆ ವಾದ್ಯ ಬರುವುದು ಬಹುಪಾಲು ಮೀರತ್‌ನ ಜಲಿ ಕೋಠಿ ಬೀದಿಯಿಂದ. ಅಪ್ಪನ ಪರಿಚಯದವರ ಮೂಲಕ ಹಳೆಯದೊಂದು ಕಮ್ಮಿ ಬೆಲೆಗೆ ಸಿಕ್ಕಿತು. ತುಟಿ ಕಟ್ಟಿಕೊಳ್ಳುವುದಕ್ಕೆ, ಓದು ಕಲಿಯುವುದಕ್ಕೆ ಅದು ಸಾಕು. ನನ್ನದರ ಮೇಲಿನ ಸ್ವರಗಳು ಶ್ರುತಿಗೆ ಕೂರುತ್ತಿರಲಿಲ್ಲ, ವಾಲ್ವ್ ನಿಧಾನ. ಆರ್ಕೆಸ್ಟ್ರಾಕ್ಕೆ ಡಬಲ್ ಹಾರ್ನ್ ಬೇಕೇ ಬೇಕು. ಅದರಲ್ಲಿ ಎಫ್ ಮತ್ತು ಬಿ ಫ್ಲಾಟ್ ಎರಡೂ ಕೊಳವೆ ಇರುತ್ತವೆ. ಎಡಗೈ ಹೆಬ್ಬೆರಳಿನ ವಾಲ್ವ್ ಒತ್ತಿದರೆ ಗಾಳಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಬಿ ಫ್ಲಾಟ್ ಕಡೆ ಸುಮಾರು 2.7 ಮೀಟರ್, ಗಿಡ್ಡ. ಅದಕ್ಕೇ ಮೇಲಿನ ಸ್ವರಗಳು ಅಲ್ಲಿ ಹೆಚ್ಚು ಭದ್ರ.

ಹೊಸ ಡಬಲ್ ಹಾರ್ನ್ ಬೆಲೆ ಲಕ್ಷಗಳಲ್ಲಿ. ವಿದೇಶದಿಂದ ಸೆಕೆಂಡ್ ಹ್ಯಾಂಡ್ ತರಿಸೋಣ ಅಂತ ಮೊದಲು ವಿಚಾರಿಸಿದೆ. ಬಳಸಿದ ಸಾಮಾನು ಆಮದು ಮಾಡಲು ನಿರ್ಬಂಧಗಳಿವೆ. ಕಸ್ಟಮ್ಸ್ ಏಜೆಂಟ್ ಒಬ್ಬರು ಇದನ್ನು ಬಿಡಿಸಿ ಹೇಳಿದ ಮೇಲೆ ಆ ಆಸೆ ಬಿಟ್ಟೆ. ಹೊಸದೇ ತರಿಸಿದರೂ ಸುಂಕ ಬರೀ ವಾದ್ಯದ ಬೆಲೆ ಮೇಲಲ್ಲ, ಸಾಗಾಟ ಮತ್ತು ವಿಮೆಯ ಖರ್ಚನ್ನೂ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಅದರ ಮೇಲೆ ಜಿಎಸ್‌ಟಿ. ಹೊರಗಿನ ಬೆಲೆ ನೋಡಿ ಅಗ್ಗ ಅಂತ ದುಡ್ಡು ಕಳಿಸುವ ಮೊದಲು ಇದೆಲ್ಲ ಕೂಡಿಸಿ ನೋಡಿ.

ಹಾಗಾಗಿ ಇಲ್ಲಿನ ಒಂದು ಅಂಗಡಿಯ ಮೂಲಕ ಆರ್ಡರ್ ಕೊಟ್ಟೆ. ಪಿಟೀಲು, ಗಿಟಾರ್, ಕೀಬೋರ್ಡ್ ಎಲ್ಲ ಅಂಗಡಿಯಲ್ಲೇ ಇರುತ್ತವೆ. ಡಬಲ್ ಹಾರ್ನ್ ಇರುವುದಿಲ್ಲ. ಅಡ್ವಾನ್ಸ್ ಕಟ್ಟಿ ತರಿಸಬೇಕು. ವಾದ್ಯಕ್ಕೆ ಅಂತ ಬ್ಯಾಂಕಿನಲ್ಲಿ ಸಾಲ ಸಿಗಲಿಲ್ಲ. ನನ್ನ ಹತ್ತಿರ ಸಂಬಳದ ಚೀಟಿ ಇಲ್ಲ, ಬ್ಯಾಂಡ್‌ಸೆಟ್ ಆದಾಯಕ್ಕೆ ರಸೀದಿ ಇಲ್ಲ. ಅಮ್ಮ ತಮ್ಮ ಬಳೆಗಳನ್ನು ತೆಗೆದು ಮುಂದಿಟ್ಟರು. ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟು ಚಿನ್ನದ ಸಾಲ ತೆಗೆದೆವು. ಆ ದಿನ ಬ್ಯಾಂಕಿನ ತಕ್ಕಡಿ ಮೇಲೆ ಆ ಬಳೆಗಳನ್ನು ನೋಡಿದಾಗ ನನಗಾದ ಸಂಕಟವನ್ನು ಇವತ್ತಿಗೂ ಮಾತಿನಲ್ಲಿ ಹೇಳಲಾರೆ. ಅಮ್ಮ ಮಾತ್ರ ಏನೂ ಆಗದವರ ಹಾಗೆ ಪಕ್ಕದಲ್ಲಿ ನಿಂತಿದ್ದರು.

ತಿಂಗಳುಗಟ್ಟಲೆ ಕಾದ ಮೇಲೆ ಪೆಟ್ಟಿಗೆ ಬಂತು ಅಂತ ಫೋನ್ ಬಂತು. ಹೋಗಿ ತೆಗೆದು ನೋಡಿದರೆ ಒಳಗಿದ್ದದ್ದು ಸಿಂಗಲ್ ಹಾರ್ನ್. ಹೆಬ್ಬೆರಳಿಗೆ ವಾಲ್ವೇ ಇಲ್ಲ. ಅಂಗಡಿಯವರು ಮೊದಲು "ಫ್ರೆಂಚ್ ಹಾರ್ನ್ ಅಂತ ಕೇಳಿದ್ರಿ, ಇದೇ ಅಲ್ವಾ" ಅಂದರು. ನನ್ನ ಅದೃಷ್ಟಕ್ಕೆ ಅಡ್ವಾನ್ಸ್ ರಸೀದಿ ಮೇಲೆ ಮಾಡೆಲ್ ನಂಬರ್ ಬರೆಸಿಕೊಂಡಿದ್ದೆ. ಅದೊಂದು ಇಲ್ಲದಿದ್ದರೆ ದುಡ್ಡು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ವಾಪಸು ಕಳಿಸಿ ಸರಿಯಾದದ್ದು ತರಿಸುವಷ್ಟರಲ್ಲಿ ಮತ್ತೊಂದು ಮದುವೆ ಸೀಸನ್ ಮುಗಿದಿತ್ತು, ಅಷ್ಟೂ ಕಾಲ ಬಡ್ಡಿ ಓಡುತ್ತಿತ್ತು. ನೀವು ಆರ್ಡರ್ ಕೊಡುವಾಗ ಡಬಲ್, ಎಫ್ ಮತ್ತು ಬಿ ಫ್ಲಾಟ್, ನಾಲ್ಕು ವಾಲ್ವ್ ಅಂತ ಮಾಡೆಲ್ ನಂಬರ್ ಸಮೇತ ಬರೆಸಿಕೊಳ್ಳಿ. ತಲುಪಿಸುವ ಗಡುವನ್ನೂ ಬರೆಸಿ. ಸಾಧ್ಯವಾದರೆ ಬೆಲ್, ಅಂದರೆ ಆ ಅಗಲವಾದ ಬಾಯಿ, ಬಿಚ್ಚಿಡಬಹುದಾದ ಮಾದರಿಯನ್ನೇ ಕೇಳಿ. ಬಸ್ಸು, ರೈಲಿನಲ್ಲಿ ಸಣ್ಣ ಪೆಟ್ಟಿಗೆ ಎಷ್ಟು ಅನುಕೂಲ ಅಂತ ಮಂಡ್ಯ-ಮೈಸೂರು ಪ್ಯಾಸೆಂಜರ್‌ನಲ್ಲಿ ನಿಂತುಕೊಂಡು ಹೋದವರಿಗೆ ಗೊತ್ತು.

ರಿಪೇರಿ ಬಗ್ಗೆ ಎರಡು ಮಾತು. ಹಾರ್ನ್‌ನ ವಾಲ್ವ್ ತಿರುಗುವ ಬಗೆಯದು, ಟ್ರಂಪೆಟ್‌ನ ಹಾಗೆ ಮೇಲೆ ಕೆಳಗೆ ಹೋಗುವುದಲ್ಲ. ಬಹಳಷ್ಟು ಹಾರ್ನ್‌ಗಳಲ್ಲಿ ಅದನ್ನು ತಿರುಗಿಸುವುದು ಒಂದು ಸಣ್ಣ ದಾರ. ದಾರ ಯಾವಾಗ ಬೇಕಾದರೂ ಹರಿಯಬಹುದು. ಅದನ್ನು ಕಟ್ಟುವುದನ್ನು ಮೊದಲ ತಿಂಗಳೇ ಕಲಿತುಕೊಳ್ಳಿ, ಪೆಟ್ಟಿಗೆಯಲ್ಲಿ ದಾರ ಮತ್ತು ಸಣ್ಣ ಸ್ಕ್ರೂಡ್ರೈವರ್ ಇರಲಿ. ಎಣ್ಣೆಯೂ ಅದಕ್ಕೆಂದೇ ಇರುವುದನ್ನು ಹಾಕಿ. ಹೊಲಿಗೆ ಮೆಷಿನ್ ಎಣ್ಣೆ ಹಾಕಿದ ವಾದ್ಯಗಳ ಗತಿ ನಾನು ನೋಡಿದ್ದೇನೆ.

ಆಮೇಲೆ ಪರೀಕ್ಷೆ. ಆರ್ಕೆಸ್ಟ್ರಾಕ್ಕೆ ಗ್ರೇಡ್ ಸರ್ಟಿಫಿಕೇಟ್ ಕಡ್ಡಾಯ ಅಲ್ಲ. ಆದರೆ ಪಾಠ ಹೇಳಬೇಕು ಅಂದರೆ ಶಾಲೆಯವರು, ಅಪ್ಪ-ಅಮ್ಮಂದಿರು ಕೇಳುವುದು ಅದನ್ನೇ. ನಾನು ಆರಿಸಿಕೊಂಡಿದ್ದು ಟ್ರಿನಿಟಿ ಕಾಲೇಜ್ ಲಂಡನ್ ಅನ್ನುವ ಪರೀಕ್ಷಾ ಮಂಡಳಿಯ ಗ್ರೇಡ್ 8. ಕಾರಣ ಇದೆ. ಟ್ರಿನಿಟಿಯಲ್ಲಿ ಹಿಂದಿನ ಗ್ರೇಡ್‌ಗಳನ್ನು ಮಾಡಿರಲೇಬೇಕು ಅಂತಿಲ್ಲ, ನೇರವಾಗಿ 8ಕ್ಕೆ ಕೂರಬಹುದು. ಥಿಯರಿ ಪಾಸಾಗಿರಬೇಕು ಅನ್ನುವ ನಿಯಮವೂ ಇಲ್ಲ. ಎಬಿಆರ್‌ಎಸ್‌ಎಂ ಅನ್ನುವ ಇನ್ನೊಂದು ಮಂಡಳಿಯಲ್ಲಾದರೆ ಗ್ರೇಡ್ 6ರಿಂದ ಮೇಲಕ್ಕೆ ಹೋಗಲು ಗ್ರೇಡ್ 5 ಥಿಯರಿಯೋ ಅದಕ್ಕೆ ಸಮನಾದದ್ದೋ ಬೇಕು. ಟ್ರಿನಿಟಿಯಲ್ಲಿ ಒಟ್ಟು 100 ಅಂಕ. ಮೂರು ಕೃತಿಗಳಿಗೆ ತಲಾ 22, ಸ್ಕೇಲ್ ಮೊದಲಾದ ತಾಂತ್ರಿಕ ಭಾಗಕ್ಕೆ 14, ಇನ್ನೆರಡು ಪರೀಕ್ಷೆಗಳಿಗೆ ತಲಾ 10. 60 ಬಂದರೆ ಪಾಸ್, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಗ್ರೇಡ್ 8ರಲ್ಲಿ ಸೈಟ್ ರೀಡಿಂಗ್, ಅಂದರೆ ಮೊದಲು ನೋಡಿರದ ನೋಟೇಶನ್ ನೋಡಿ ಅಲ್ಲೇ ಊದುವುದನ್ನು, ತಪ್ಪಿಸಿಕೊಳ್ಳಲು ಆಗುವುದಿಲ್ಲ. ನನ್ನ ಹಾಗೆ ಕಿವಿಯಿಂದ ಕಲಿತವರಿಗೆ ಇದೇ ದೊಡ್ಡ ಬೆಟ್ಟ. ದಿನಾ ಹೊಸದೊಂದು ಪುಟ ತೆಗೆದು, ಒಡೆದರೂ ನಿಲ್ಲಿಸದೆ ಕೊನೆವರೆಗೆ ಊದುವುದು, ಇದನ್ನು ಮೇಷ್ಟ್ರು ವರ್ಷಗಟ್ಟಲೆ ಮಾಡಿಸಿದರು.

ಅಲ್ಲಿ ಎದುರಾದ ಅಡ್ಡಿಗಳು ಮೂರು. ಮೂರೂ ಸಂಗೀತಕ್ಕೆ ಸಂಬಂಧಿಸಿದ್ದಲ್ಲ.

ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಊರಿನದೂ ಅಪ್ಪನದೂ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ. ಪ್ಯಾನ್‌ನಲ್ಲಿ ಮತ್ತೊಂದು ಬಗೆ. ಪರೀಕ್ಷೆಗೆ ಕೊಟ್ಟ ಹೆಸರೇ ಸರ್ಟಿಫಿಕೇಟ್‌ನಲ್ಲಿ ಬರುತ್ತದೆ, ಮುಂದೆ ಕಾಂಟ್ರ್ಯಾಕ್ಟ್, ಪಾಸ್‌ಪೋರ್ಟ್ ಎಲ್ಲಕ್ಕೂ ಅದು ಹೊಂದಬೇಕು. ಅಫಿಡವಿಟ್ ಮಾಡಿಸಿ, ಆಧಾರ್ ತಿದ್ದಿಸಿ, ಆಮೇಲೆ ಪ್ಯಾನ್ ತಿದ್ದಿಸಿ, ಇಷ್ಟರಲ್ಲಿ ಆ ಸಲದ ನೋಂದಣಿ ದಿನಾಂಕ ದಾಟಿಹೋಯಿತು. ಹಳೇ ಮೈಸೂರು ಕಡೆಯ ನಮ್ಮಂಥವರಿಗೆ ಈ ಇನಿಷಿಯಲ್ ತೊಡಕು ಬಹಳ ಮಾಮೂಲು. ಹಾರ್ನ್ ಕೊಳ್ಳುವ ಮೊದಲೇ ಹೆಸರು ಸರಿಮಾಡಿಸಿಕೊಂಡುಬಿಡಿ.

ಎರಡನೆಯದು ಪುಸ್ತಕ. ಪರೀಕ್ಷೆಗೆ ಹಕ್ಕುಸ್ವಾಮ್ಯ ಇರುವ ಕೃತಿಗಳ ಜೆರಾಕ್ಸ್ ತಗೊಂಡು ಹೋಗುವ ಹಾಗಿಲ್ಲ, ಅಚ್ಚಾದ ಪುಸ್ತಕವೇ ಬೇಕು. ಹಾರ್ನ್ ಪುಸ್ತಕಗಳು ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ, ಹೊರಗಿನಿಂದ ಅಂಚೆಯಲ್ಲಿ ಬರಬೇಕಾಯಿತು. ಒಂದು ಪುಸ್ತಕದ ಬೆಲೆಗಿಂತ ಅಂಚೆ ಖರ್ಚು ಜಾಸ್ತಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು ಐಎಂಎಸ್‌ಎಲ್‌ಪಿ ಅನ್ನುವ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ದಿನದ ಅಭ್ಯಾಸಕ್ಕೆ ಬೇಕಾದ, ಕೊಪ್ರಾಶ್ ಅನ್ನುವವರು ಹಾರ್ನ್‌ಗೆ ಬರೆದ 60 ಪಾಠಗಳನ್ನು ನಾನು ಅಲ್ಲಿಂದಲೇ ಇಳಿಸಿಕೊಂಡೆ.

ಮೂರನೆಯದು ಪಿಯಾನೋ. ಕೃತಿಗಳಿಗೆ ಪಿಯಾನೋ ಜೊತೆ ಬೇಕು. ಮೈಸೂರಿನಲ್ಲಿ ಚೆನ್ನಾಗಿ ನುಡಿಸುವವರು ಇದ್ದಾರೆ. ಆದರೆ ಹಾರ್ನ್ ಜೊತೆ ನುಡಿಸಿದ ಅಭ್ಯಾಸ ಇರುವವರು, ಬೆಂಗಳೂರಿನ ಪರೀಕ್ಷೆಗೂ ಬರಲು ಒಪ್ಪುವವರು ಸಿಗಲು ಬಹಳ ಹುಡುಕಬೇಕಾಯಿತು. ಕೊನೆಗೆ ಚರ್ಚ್‌ನಲ್ಲಿ ಆರ್ಗನ್ ನುಡಿಸುವ ಒಬ್ಬ ಮೇಡಂ ಒಪ್ಪಿದರು. ನಾನು ಎಲ್ಲಿ ಉಸಿರು ತಗೊಳ್ಳುತ್ತೇನೆ ಅಂತ ಅವರು ಪೆನ್ಸಿಲಿನಲ್ಲಿ ತಮ್ಮ ಪುಟದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಆ ಗುರುತುಗಳು ನನಗೆ ಎಷ್ಟು ಅಂಕ ತಂದುಕೊಟ್ಟವೋ. ಅವರ ರಿಹರ್ಸಲ್ ಸಂಭಾವನೆ, ಬೆಂಗಳೂರಿನ ಓಡಾಟ ಎಲ್ಲ ಸೇರಿ ಪರೀಕ್ಷಾ ಶುಲ್ಕದ ಅರ್ಧಕ್ಕಿಂತ ಜಾಸ್ತಿ ಆಯಿತು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಕೋಣೆ ತಣ್ಣಗಿತ್ತು. ವಾದ್ಯ ತಣ್ಣಗಿದ್ದರೆ ಶ್ರುತಿ ಕೆಳಗಿರುತ್ತದೆ. ಒಳಗೆ ಹೋಗುವ ಮುಂಚೆ ಸದ್ದು ಮಾಡದೆ ಬರೀ ಗಾಳಿ ಊದಿ ಬೆಚ್ಚಗೆ ಮಾಡಿಕೊಂಡಿದ್ದೆ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ಮೆರಿಟ್ ಬಂತು. ಅಪ್ಪ ಆ ಹಾಳೆಯನ್ನು ಬ್ಯಾಂಡ್‌ಸೆಟ್ ರೂಮಿನ ಗೋಡೆಗೆ ಹಾಕಿಸಿದರು.

ಆಡಿಷನ್ ಬೇರೆಯದೇ ಲೋಕ. ನಮ್ಮ ದೇಶದಲ್ಲಿ ಪೂರ್ಣಾವಧಿ ಕೆಲಸ ಕೊಡುವ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಅಂದರೆ ಮುಂಬೈನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಉಳಿದ ಕಡೆ ಹೆಚ್ಚಾಗಿ ಕಛೇರಿ ಲೆಕ್ಕದ ಕರೆ. ನಾನು ಹೋದದ್ದು ಅಂಥದ್ದಕ್ಕೇ. ಕರೆದ ದಿನಾಂಕ ಎರಡು ಸಲ ಮುಂದಕ್ಕೆ ಹೋಯಿತು. ಎರಡನೇ ಸಲವಂತೂ ಹಿಂದಿನ ರಾತ್ರಿ ತಿಳಿಸಿದರು. ಒಂದು ಮದುವೆ ಬುಕಿಂಗ್ ಬಿಟ್ಟುಕೊಟ್ಟಿದ್ದೆವು, ಆ ನಷ್ಟ ನಮ್ಮದೇ ಆಯಿತು. ಹಿಂದಿನ ವಾರ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ ಅಂತ ಹೇಳಬಲ್ಲೆ, ಅಷ್ಟೇ.

ಕೇಳುವುದು ಎರಡು ಬಗೆ. ಒಂದು, ಮೊಜಾರ್ಟ್‌ನ ಹಾರ್ನ್ ಕನ್ಚೆರ್ಟೊ (ಹಾರ್ನ್ ಮುಂದಾಗಿ, ಆರ್ಕೆಸ್ಟ್ರಾ ಜೊತೆ ಕೊಡುವ ಕೃತಿ) ಒಂದರ ಮೊದಲ ಭಾಗ. ಇನ್ನೊಂದು, ಸಿಂಫನಿಗಳಿಂದ, ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿಗಳಿಂದ, ಆಯ್ದ ಹಾರ್ನ್ ತುಣುಕುಗಳು. ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ನಾಲ್ಕು ಹಾರ್ನ್. ಒಂದು ಮತ್ತು ಮೂರನೆಯವರು ಮೇಲಿನ ಸ್ವರಗಳಿಗೆ, ಎರಡು ಮತ್ತು ನಾಲ್ಕನೆಯವರು ಕೆಳಗಿನ ಸ್ವರಗಳಿಗೆ. ಯಾವ ಕುರ್ಚಿಗೆ ಅಂತ ತಿಳಿದು ತಯಾರಾಗಬೇಕು. ನಾಲ್ಕನೇ ಹಾರ್ನ್‌ಗೆ ಶೋಸ್ತಕೋವಿಚ್‌ನ ಐದನೇ ಸಿಂಫನಿಯ ಕೆಳಗಿನ ಭಾಗ ಕೇಳಿದರು. ಬೇಥೋವನ್‌ನ ಒಂಬತ್ತನೇ ಸಿಂಫನಿಯ ನಿಧಾನ ಭಾಗವನ್ನೂ ಕೇಳಿದರು. ಅಲ್ಲಿನ ದೊಡ್ಡ ಸೋಲೊ ಬರೆದಿರುವುದು ನಾಲ್ಕನೇ ಹಾರ್ನ್‌ಗೇ. ನಾಲ್ಕನೆಯವರು ಅಂದರೆ ಕೊನೆಯವರು ಅಂತ ಯಾರೂ ತಿಳಿಯಬೇಡಿ.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಹಳೆಯ ಕೃತಿಗಳಲ್ಲಿ ಹಾರ್ನ್ ಭಾಗವನ್ನು ಡಿ, ಇ ಫ್ಲಾಟ್, ಇ ಹೀಗೆ ಬೇರೆ ಬೇರೆ ಶ್ರುತಿಯಲ್ಲಿ ಬರೆದಿರುತ್ತಾರೆ. ಆಗ ವಾಲ್ವ್ ಇರಲಿಲ್ಲ, ಶ್ರುತಿಗೆ ತಕ್ಕ ಹಾಗೆ ಕೊಳವೆ ತುಂಡು ಬದಲಾಯಿಸುತ್ತಿದ್ದರು. ಈಗ ನಾವು ನೋಡುವುದು ಒಂದು, ಊದುವುದು ಇನ್ನೊಂದು. ಸ್ಥಳದಲ್ಲೇ ತಲೆಯಲ್ಲಿ ಬದಲಾಯಿಸಬೇಕು. ಸರಿಗಮ ಕಲಿತವರಿಗೆ ಇದು ಅಷ್ಟು ಕಷ್ಟವಲ್ಲ. ಆಧಾರ ಷಡ್ಜ ಸರಿಸಿದ ಹಾಗೇ ಯೋಚಿಸಿ ಅಂತ ಮೇಷ್ಟ್ರು ಹೇಳಿಕೊಟ್ಟ ದಾರಿ ನನಗೆ ಕೈ ಹಿಡಿಯಿತು.

ನನಗೆ ನಿಜವಾಗಿ ಕಷ್ಟವಾದದ್ದು ಆಯ್ಕೆಯಾದ ಮೇಲೆ, ಮೊದಲ ರಿಹರ್ಸಲ್‌ನಲ್ಲಿ. ಅಷ್ಟು ವರ್ಷ ನಾನು ಮೇಷ್ಟ್ರನ್ನು ಬಿಟ್ಟರೆ ಇನ್ನೊಬ್ಬ ಹಾರ್ನ್ ವಾದಕರ ಪಕ್ಕದಲ್ಲಿ ಕೂತಿರಲಿಲ್ಲ. ಒಂಟಿಯಾಗಿ ಊದುವಾಗ ಸರಿ ಅನ್ನಿಸಿದ ಶ್ರುತಿ, ನಾಲ್ವರ ನಡುವೆ ಸರಿಯಲ್ಲ. ಮೂರನೆಯವರ ಸ್ವರಕ್ಕೆ ತಳ ಕೊಡಬೇಕು, ಅವರಿಗಿಂತ ಮುಂದೆ ಹೋಗಬಾರದು, ಅವರ ಉಸಿರಿನ ಜೊತೆಗೇ ಉಸಿರು ತಗೊಳ್ಳಬೇಕು. ಬಾರುಗಟ್ಟಲೆ, ಅಂದರೆ ತಾಳದ ಆವರ್ತಗಳನ್ನು, ಸುಮ್ಮನೆ ಎಣಿಸುತ್ತಾ ಕೂತು ಸರಿಯಾದ ಕ್ಷಣಕ್ಕೆ ತಣ್ಣಗಿನ ತುಟಿಯಲ್ಲಿ ಶುರು ಮಾಡಬೇಕು. ಇದ್ಯಾವುದನ್ನೂ ಒಬ್ಬರೇ ಕೂತು ಕಲಿಯಲು ಆಗುವುದಿಲ್ಲ. ಮೂರನೇ ಹಾರ್ನ್‌ನವರು ಬಹಳ ತಾಳ್ಮೆಯವರು. ಊಟದ ಬಿಡುವಿನಲ್ಲಿ ನನ್ನ ಜೊತೆ ಕೂತು ಅದೇ ಬಾರುಗಳನ್ನು ಮೆತ್ತಗೆ ಊದಿದರು. ಆ ಒಂದು ಬಿಡುವಿನಲ್ಲಿ ಕಲಿತಷ್ಟು ನಾನು ನಾಲೆ ಏರಿ ಮೇಲೆ ತಿಂಗಳುಗಟ್ಟಲೆ ಕಲಿತಿರಲಿಲ್ಲ.

ಸಂಭಾವನೆ ಕಛೇರಿಯ ಲೆಕ್ಕದಲ್ಲಿ, ರಿಹರ್ಸಲ್ ಸೇರಿ. ಊಟ, ಉಳಿಯುವ ಖರ್ಚು ಯಾರದು ಅಂತ ಪತ್ರದಲ್ಲೇ ಇರಬೇಕು. ನನಗೆ ದುಡ್ಡು ಕೊಡುವಾಗ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದುಕೊಂಡರು. ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ಹೀಗೆ ರಿಟರ್ನ್ ಹಾಕುತ್ತಾ ಹೋದರೆ ಮುಂದೆ ಬ್ಯಾಂಕಿಗೆ ತೋರಿಸಲು ಆದಾಯದ ದಾಖಲೆಯೂ ಆಗುತ್ತದೆ. ಬ್ಯಾಂಡ್‌ಸೆಟ್ ಮನೆಗಳಿಗೆ ಇದು ಬಹಳ ಮುಖ್ಯ.

ಪಾಠದ ವಿಷಯದಲ್ಲಿ ಒಂದು ಶಾಲೆಯವರು ಮೊದಲು ಒಪ್ಪಿ, ಆಮೇಲೆ ಡಿಗ್ರಿಗೆ ಸಮ ಅಂತ ತೋರಿಸುವ ಕಾಗದ ತನ್ನಿ ಅಂದರು. ಗ್ರೇಡ್ 8 ಡಿಗ್ರಿ ಅಲ್ಲ. ಬ್ರಿಟನ್ನಿನ ಲೆಕ್ಕದಲ್ಲಿ ಅದು 3ನೇ ಹಂತ, ನಮ್ಮ ಪಿಯುಸಿ ಮಟ್ಟ ಅಂತ ಇಟ್ಟುಕೊಳ್ಳಬಹುದು. ಅದರ ಮೇಲೆ ಟ್ರಿನಿಟಿಯದೇ ಡಿಪ್ಲೊಮಾಗಳಿವೆ, ಮೊದಲನೆಯದು ಎಟಿಸಿಎಲ್. ನನ್ನ ಮುಂದಿನ ಗುರಿ ಅದೇ. ಸದ್ಯಕ್ಕೆ ಮನೆಪಾಠ. ಬರೀ ಪಾಠದಿಂದ ಬದುಕು ನಡೆಯುವುದಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಪಾಠ, ಕಛೇರಿ, ಸೀಸನ್ನಿನಲ್ಲಿ ಅಪ್ಪನ ಜೊತೆ ಟ್ರಂಪೆಟ್, ಮೂರೂ ಸೇರಿ ಸಾಲದ ಕಂತು ಕಟ್ಟಿ ಸಂಸಾರಕ್ಕೆ ಆಗುತ್ತದೆ. ಅಮ್ಮನ ಬಳೆ ಇನ್ನೂ ಬ್ಯಾಂಕಿನಲ್ಲೇ ಇವೆ. ಮುಂದಿನ ವರ್ಷ ಬಿಡಿಸುತ್ತೇನೆ.

ಮಕ್ಕಳನ್ನು ಕಳಿಸುವವರಿಗೆ: ಮುಂದಿನ ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬಂದಿರಲಿ. ಹಲ್ಲಿಗೆ ಕ್ಲಿಪ್ ಹಾಕಿಸುವುದಿದ್ದರೆ ಮೊದಲೇ ತಿಳಿಸಿ. ಆರು ತಿಂಗಳು ವಾದ್ಯ ಕೊಳ್ಳಬೇಡಿ, ಮೌತ್‌ಪೀಸ್ ಒಂದು ಸಾಕು. ಮತ್ತು ಆದಷ್ಟೂ ಇಬ್ಬರು ಒಟ್ಟಿಗೆ ಬನ್ನಿ. ನನ್ನ ಹತ್ತಿರ ಈಗ ಬರುತ್ತಿರುವುದು ಒಬ್ಬ ಹುಡುಗಿ, ಒಬ್ಬ ಹುಡುಗ. ಇಬ್ಬರಿಗೂ ಒಂದೇ ಹೊತ್ತಿಗೆ ಪಾಠ. ಮೊದಲ ದಿನದಿಂದಲೇ ಒಬ್ಬರು ಕೆಳಗಿನ ಸ್ವರ ಹಿಡಿಯುತ್ತಾರೆ, ಇನ್ನೊಬ್ಬರು ಮೇಲಿನದು, ಆಮೇಲೆ ಅದಲು ಬದಲು. ತೊಂದರೆ ಏನಂದರೆ ನನ್ನ ಮೀರತ್ ಹಾರ್ನ್ ಒಂದೇ ಇರುವುದು. ಒಬ್ಬರು ಊದುವಾಗ ಇನ್ನೊಬ್ಬರು ಮೌತ್‌ಪೀಸ್‌ನಲ್ಲೇ ಜೊತೆ ಕೊಡುತ್ತಾರೆ. ಮೈಸೂರು, ಮಂಡ್ಯ ಕಡೆ ಯಾವುದಾದರೂ ಶಾಲೆಯ ಬ್ಯಾಂಡ್ ರೂಮಿನಲ್ಲೋ ಚರ್ಚ್‌ನ ಅಟ್ಟದಲ್ಲೋ ಹಳೇ ಹಾರ್ನ್ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಗ್ಗು ಬಿದ್ದಿದ್ದರೂ, ವಾಲ್ವ್ ತಿರುಗದಿದ್ದರೂ ಪರವಾಗಿಲ್ಲ. ನಾನೇ ಬಂದು ನೋಡುತ್ತೇನೆ.